ಮುರಿಯದೆ ಮಗುಚಿದ ಮನೆಗಳು



1964ರ ಜೂನ್ 16, ಮಧ್ಯಾಹ್ನ ಒಂದು ಗಂಟೆಯ ಸುಮಾರು. ಜಪಾನಿನ ನಿಗಾಟಾ ನಗರದಲ್ಲಿ ಭೂಮಿ ನಡುಗಿತು. ಕಂಪನದ ಪ್ರಮಾಣ 7.5. ಶಿನಾನೊ ನದಿಯ ಪಕ್ಕದ ಕವಾಗಿಶಿ-ಚೋ ಬಡಾವಣೆಯಲ್ಲಿ ನಾಲ್ಕು ಅಂತಸ್ತಿನ ಕಾಂಕ್ರೀಟ್ ವಸತಿ ಕಟ್ಟಡಗಳು ಸಾಲಾಗಿ ನಿಂತಿದ್ದವು. ಅವುಗಳಲ್ಲಿ ಹಲವು ನಿಧಾನವಾಗಿ ವಾಲಿದವು, ಒಂದಂತೂ ಹೆಚ್ಚುಕಡಿಮೆ ಪೂರ್ತಿ ಮಲಗಿಬಿಟ್ಟಿತು. ಒಳಗಿದ್ದವರು ಕಿಟಕಿಯಿಂದ ಹೊರಬಂದು ಗೋಡೆಯ ಮೇಲೆ ನಡೆದುಕೊಂಡೇ ಕೆಳಗಿಳಿದರು. ಆ ಕಟ್ಟಡಗಳ ಚಿತ್ರ ಇವತ್ತಿಗೂ ಸಿವಿಲ್ ಎಂಜಿನಿಯರಿಂಗ್ ಪಠ್ಯಪುಸ್ತಕಗಳಲ್ಲಿದೆ. ಚಿತ್ರದಲ್ಲಿ ಪಾಯದ ತಳ ಬಯಲಿಗೆ ಬಂದಿದೆ, ಆದರೆ ಗೋಡೆಗಳು ಹಾಗೇ ಇವೆ. ಆಮೇಲೆ ಕೆಲವು ಕಟ್ಟಡಗಳನ್ನು ಜ್ಯಾಕ್ ಕೊಟ್ಟು ಎತ್ತಿ, ನೆಟ್ಟಗೆ ನಿಲ್ಲಿಸಿ, ಪಾಯ ಭದ್ರಪಡಿಸಿ ಮತ್ತೆ ಬಳಸಿದರು ಎಂದರೆ ಕಟ್ಟಿದವರ ಕೆಲಸ ಎಷ್ಟು ಗಟ್ಟಿಯಿತ್ತು ಎಂದು ಊಹಿಸಬಹುದು. ಸೋತದ್ದು ಅಡಿಯ ನೆಲ. ಆ ಜಾಗ ನದಿಯ ಹಳೆಯ ಪಾತ್ರವಾಗಿತ್ತು. ಅಲ್ಲಿ ಇದ್ದದ್ದು ಸಡಿಲ ಮರಳು, ಮತ್ತು ಅದರೊಳಗೆ ಮೇಲಿನವರೆಗೂ ನೀರು.

ಇಂಥ ಮರಳಿಗೆ ಭೂಕಂಪದಲ್ಲಿ ಏನಾಗುತ್ತದೆ? ಸೇರಿಗೆ ಅಕ್ಕಿ ತುಂಬಿ ಎರಡು ಸಲ ತಟ್ಟಿದರೆ ಅಕ್ಕಿ ತಗ್ಗುತ್ತದೆ. ಕಾಳುಗಳು ಒತ್ತಾಗಿ ಕೂರುತ್ತವೆ. ನೆಲ ಅಲುಗಿದಾಗ ಮರಳಿನ ಕಣಗಳೂ ಹಾಗೆಯೇ ಒತ್ತಾಗಿ ಕೂರಲು ಹವಣಿಸುತ್ತವೆ. ಆದರೆ ನಡುವಿನ ಸಂದುಗಳಲ್ಲಿ ನೀರಿದೆ. ಕೆಲವೇ ಸೆಕೆಂಡುಗಳಲ್ಲಿ ಅದು ಹೊರಹೋಗಲಾರದು. ಅದಕ್ಕೇ ನೀರಿನ ಒತ್ತಡ ಏರುತ್ತದೆ. ಕಣದಿಂದ ಕಣಕ್ಕೆ ಇಳಿಯುತ್ತಿದ್ದ ಭಾರವನ್ನು ಈಗ ನೀರೇ ಹೊರುತ್ತದೆ, ಕಣಗಳ ಹಿಡಿತ ಬಿಡುತ್ತದೆ. ಆ ಹೊತ್ತು ನೆಲ ದಪ್ಪನೆಯ ದ್ರವದಂತೆ ವರ್ತಿಸುತ್ತದೆ. ಇದಕ್ಕೇ ಮಣ್ಣಿನ ದ್ರವೀಕರಣ ಎನ್ನುತ್ತಾರೆ. ಭಾರದ ಕಟ್ಟಡ ಇಳಿಯುತ್ತದೆ. ನೆಲದಡಿಯ ಹಗುರ ತೊಟ್ಟಿಗಳು ಮೇಲಕ್ಕೆ ತೇಲಿಬರುವುದೂ ಉಂಟು.

ಕಟ್ಟಡ ಇಳಿಯುವುದಕ್ಕೆ ಒಂದೇ ಕಾರಣವಿಲ್ಲ, ಈ ವಿಷಯದಲ್ಲಿ ಮುಖ್ಯವಾದ ಮಾತು ಇದೇ. ಕಂಪನ ನಿಂತ ಮೇಲೆ ನೀರು ಹೊರಹೋಗಿ ಮರಳಿನ ಪದರವೇ ತಗ್ಗುತ್ತದೆ. ಹತ್ತು ಮೀಟರ್ ದಪ್ಪದ ಪದರ ಶೇಕಡ 2ರಷ್ಟು ತಗ್ಗಿದರೂ 20 ಸೆಂಟಿಮೀಟರ್ ಆಯಿತು. ಬಹಳ ಕಾಲ ಎಂಜಿನಿಯರರು ಮುಖ್ಯವಾಗಿ ಈ ಲೆಕ್ಕವನ್ನೇ ನೆಚ್ಚಿಕೊಂಡಿದ್ದರು. ಅದು ಬರಿಯ ಬಯಲಿನ ಲೆಕ್ಕ. ಕಟ್ಟಡ ಮೇಲಿದ್ದರೆ ಕಥೆಯೇ ಬೇರೆ. ಕ್ಯಾಲಿಫೋರ್ನಿಯಾದ ಸಂಶೋಧಕರು ತೊಟ್ಟಿಯಲ್ಲಿ ನೀರು ತುಂಬಿದ ಮರಳಿಟ್ಟು, ಮೇಲೆ ಪುಟ್ಟ ಮಾದರಿ ಕಟ್ಟಡ ನಿಲ್ಲಿಸಿ, ಆ ತೊಟ್ಟಿಯನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಗರಗರ ತಿರುಗಿಸಿ, ತಿರುಗುತ್ತಿರುವಾಗಲೇ ಅಲುಗಿಸಿ ನೋಡಿದರು. ಪುಟ್ಟ ಮಾದರಿಯ ಅಡಿಯ ಮರಳಿಗೂ ನಿಜವಾದ ಕಟ್ಟಡದಷ್ಟೇ ಒತ್ತಡ ಬೀಳಲೆಂದು ಈ ತಿರುಗಾಟ. ಇಳಿತದ ಬಹುಪಾಲು ಅಲುಗಾಟ ನಡೆಯುತ್ತಿರುವಾಗಲೇ ಆಗಿಹೋಗುತ್ತದೆ ಎಂದು ಅಲ್ಲಿ ಕಂಡಿತು. ಕಟ್ಟಡ ಅತ್ತಿತ್ತ ತೂಗುವಾಗ ಒಮ್ಮೆ ಈ ಅಂಚು, ಒಮ್ಮೆ ಆ ಅಂಚು ಮೆತ್ತಗಾದ ಮರಳನ್ನು ಪಕ್ಕಕ್ಕೆ ತಳ್ಳುತ್ತ ಒಳಕ್ಕೆ ಇಳಿಯುತ್ತದೆ. ಎಂದರೆ ಕಟ್ಟಡದ ತೂಕ, ಎತ್ತರ, ಅಗಲ ಎಲ್ಲವೂ ಲೆಕ್ಕಕ್ಕೆ ಬರಬೇಕು.

ಇನ್ನೊಂದು ದಾರಿ ಮರಳಿನ ಬುಗ್ಗೆ. ಒತ್ತಡದ ನೀರು ಮರಳನ್ನೂ ಹೊತ್ತುಕೊಂಡು ಬಿರುಕುಗಳಲ್ಲಿ ಉಕ್ಕಿದರೆ, ಹೊರಬಂದಷ್ಟು ಮರಳು ಪಾಯದಡಿಯಲ್ಲಿ ಕಡಿಮೆಯಾಯಿತು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನಲ್ಲಿ 2011ರ ಫೆಬ್ರವರಿ 22ರ ಭೂಕಂಪದ ನಂತರ ಅಂಗಳ, ಬೀದಿಗಳಲ್ಲೆಲ್ಲ ಬೂದುಬಣ್ಣದ ಕೆಸರು. ಕಾಲೇಜು ವಿದ್ಯಾರ್ಥಿಗಳು ಸಲಿಕೆ ಹಿಡಿದು ದಿನಗಟ್ಟಲೆ ಅದನ್ನು ತೆಗೆದರು. ಆದರೂ ಕೆಲವು ಬಡಾವಣೆಗಳ ನೆಲ ಮನೆ ಕಟ್ಟಲು ಲಾಯಕ್ಕಿಲ್ಲವೆಂದು ಸರ್ಕಾರ ಸಾವಿರಾರು ಮನೆಗಳನ್ನು ಕೊಂಡು ಕೆಡವಿತು. ಅಲ್ಲಿದ್ದ ಎಷ್ಟೋ ಮನೆಗಳ ಸೂರು, ಗೋಡೆ ಚೆನ್ನಾಗಿಯೇ ಇದ್ದವು. ಒಂದು ಮೂಲೆ ಮಾತ್ರ ಹೆಚ್ಚು ಕೂತಿತ್ತು. ಇಡೀ ಮನೆ ಒಂದೇ ಸಮ ಕೂತರೆ ಹೇಗೋ ಸುಧಾರಿಸಬಹುದು, ಒಂದು ಮೂಲೆ ಕೂತರೆ ನೆಲ ಇಳಿಜಾರಾಗಿ, ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಂಡು, ಕೊಳವೆಗಳು ಒಡೆಯುತ್ತವೆ.

ನಮ್ಮ ದೇಶವೂ ಇದನ್ನು ಕಂಡಿದೆ. 1934ರ ಜನವರಿ 15ರ ಬಿಹಾರ–ನೇಪಾಳ ಭೂಕಂಪದಲ್ಲಿ ಸೀತಾಮಢಿ, ಮಧುಬನಿ ಸುತ್ತಮುತ್ತಲ ಉದ್ದನೆಯ ಪಟ್ಟಿಯಲ್ಲಿ ನೆಲ ಕುಸಿದು ಮನೆಗಳು ವಾಲಿದವು, ಹೂತವು. ಹೊಲಗಳ ಮೇಲೆ ಮರಳು ಹರಡಿತು, ಬಾವಿಗಳಲ್ಲಿ ಮರಳು ತುಂಬಿತು. 2001ರ ಜನವರಿ 26ರ ಭೂಕಂಪದಲ್ಲಿ ಗುಜರಾತಿನ ಕಾಂಡ್ಲಾ ಬಂದರಿನ ಕಚೇರಿ ಗೋಪುರ ವಾಲಿತು. ಅದು ಪೈಲ್‌ಗಳ, ಎಂದರೆ ನೆಲದಾಳಕ್ಕೆ ಇಳಿಸಿದ ಕಂಬಗಳ ಮೇಲೆ ನಿಂತ ಕಟ್ಟಡ. ಪೈಲ್ ಹಾಕಿದ್ದೇವೆ ಎಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ಅದು ಸಡಿಲ ಪದರವನ್ನು ದಾಟಿ ಗಟ್ಟಿ ನೆಲವನ್ನು ಮುಟ್ಟಬೇಕು, ಪದರ ಪಕ್ಕಕ್ಕೆ ಜರುಗಿದರೂ ತಡೆದುಕೊಳ್ಳಬೇಕು. ಮರಳನ್ನೇ ಕಂಪಿಸಿ ಗಟ್ಟಿ ಮಾಡುವುದು, ನೀರಿಗೆ ದಾರಿಯಾಗಲು ಜಲ್ಲಿಯ ಕಂಬಗಳನ್ನು ಇಳಿಸುವುದು ಬೇರೆ ಉಪಾಯಗಳು.

ಕರ್ನಾಟಕದ ಬಹುಭಾಗದ ಅಡಿಯಲ್ಲಿ ಗಟ್ಟಿ ಬಂಡೆಯಿದೆ, ದೊಡ್ಡ ಭೂಕಂಪಗಳೂ ಇಲ್ಲಿ ಅಪರೂಪ. ಆದರೂ ನದಿ ಸಮುದ್ರ ಸೇರುವ ಅಳಿವೆಗಳ ಬಳಿ, ತಗ್ಗು ತುಂಬಿಸಿದ ನಿವೇಶನಗಳಲ್ಲಿ ಬಹುಮಹಡಿ ಕಟ್ಟುವವರು ಮಣ್ಣು ಪರೀಕ್ಷೆಯನ್ನು ಪರವಾನಗಿಯ ಒಂದು ಕಾಗದವೆಂದು ಬಗೆಯುವುದು ನನಗೆ ಸರಿಕಾಣುವುದಿಲ್ಲ. ಪರೀಕ್ಷೆ ಸರಳವಾದದ್ದೇ. ಬೋರು ಕೊರೆದು, ಕೊಳವೆಯಂಥ ಉಪಕರಣವನ್ನು ತಳದಲ್ಲಿಟ್ಟು, 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬಿಡುತ್ತಾರೆ. ಮೊದಲ 15 ಸೆಂಟಿಮೀಟರನ್ನು ಬಿಟ್ಟು, ಮುಂದಿನ 30 ಸೆಂಟಿಮೀಟರ್ ಇಳಿಯಲು ಎಷ್ಟು ಏಟು ಬೇಕಾಯಿತು ಎಂದು ಎಣಿಸುತ್ತಾರೆ. ಏಳೆಂಟು ಏಟಿಗೇ ಇಳಿದರೆ ಮರಳು ಸಡಿಲ, 30 ದಾಟಿದರೆ ಒತ್ತಾಗಿದೆ. ಈ ಏಟುಗಳಿಂದ ದ್ರವೀಕರಣದ ಅಪಾಯವನ್ನು ಲೆಕ್ಕಹಾಕುವ ಕ್ರಮ ಭೂಕಂಪ ತಾಳುವ ವಿನ್ಯಾಸದ ಭಾರತೀಯ ಮಾನಕ ‘ಐಎಸ್ 1893’ರ 2016ರ ಆವೃತ್ತಿಯ ಅನುಬಂಧದಲ್ಲೇ ಇದೆ. ಫ್ಲ್ಯಾಟ್ ಕೊಳ್ಳುವ ಮುಂಚೆ ಬಿಲ್ಡರನ್ನು ಮಣ್ಣಿನ ವರದಿ ಕೇಳಿ. ಅದರಲ್ಲಿ ಮೊದಲು ನೋಡಬೇಕಾದವು ನೀರು ಎಷ್ಟು ಆಳದಲ್ಲಿ ಸಿಕ್ಕಿತು, ಪ್ರತಿ ಪದರಕ್ಕೆ ಎಷ್ಟು ಏಟು ಬಿತ್ತು ಎನ್ನುವ ಎರಡು ಅಂಕಣಗಳು.