ವೇಗಕ್ಕೆಷ್ಟು, ಎಸಿಗೆಷ್ಟು? ಬಿಡಿಸಿ ಹೇಳಿ ಸ್ವಾಮಿ

ಇವತ್ತು ರೈಲಿನ ಟಿಕೆಟ್ ಬಗ್ಗೆ ಮಾತಾಡೋಣ.

2023ರ ಜೂನ್ 27ರಂದು ಬೆಂಗಳೂರು-ಧಾರವಾಡ ವಂದೇ ಭಾರತ್‌ಗೆ ಹಸಿರು ನಿಶಾನೆ ಸಿಕ್ಕಿತು. ಬೆಂಗಳೂರಿನಿಂದ ಧಾರವಾಡಕ್ಕೆ ಆರಂಭದ ದರ ಚೇರ್ ಕಾರ್‌ಗೆ 1,165 ರೂಪಾಯಿ. ಎಕ್ಸಿಕ್ಯೂಟಿವ್ ದರ್ಜೆಗೆ 2,010. ಅದೇ ಮಾರ್ಗದಲ್ಲಿ ಹುಬ್ಬಳ್ಳಿಗೆ ಹೋಗೋ ಜನಶತಾಬ್ದಿಯಲ್ಲಿ ಸೆಕೆಂಡ್ ಸಿಟಿಂಗ್ ಟಿಕೆಟ್ ಇನ್ನೂರರ ಆಸುಪಾಸು. ಐದು ಪಟ್ಟು ವ್ಯತ್ಯಾಸ! ಉಳಿಯೋದು ಎಷ್ಟು ಹೊತ್ತು? ಸುಮಾರು ಒಂದು ಗಂಟೆ.

ಇದು ಸರಿಯಾದ ಹೋಲಿಕೆ ಅಲ್ಲ ಅಂತ ನೀವು ಹೇಳಬಹುದು. ನಿಜ. ವಂದೇ ಭಾರತ್‌ನಲ್ಲಿ ಎಸಿ ಇದೆ, ಒಳ್ಳೆ ಸೀಟಿದೆ, ಬೇಕು ಅಂದವರಿಗೆ ತಿಂಡಿ-ಊಟ ಇದೆ. ಅದಕ್ಕೆಲ್ಲ ಖರ್ಚಾಗುತ್ತೆ, ಒಪ್ಪೋಣ. ಆದರೆ ನಮಗೆ ಮಾರ್ತಿರೋದು ಸೌಕರ್ಯವನ್ನೋ, ವೇಗವನ್ನೋ?

ಈ ರೈಲನ್ನು ಗಂಟೆಗೆ 180 ಕಿಲೋಮೀಟರ್ ವೇಗಕ್ಕೆ ತಕ್ಕಂತೆ ವಿನ್ಯಾಸ ಮಾಡಲಾಗಿದೆ. ಶುರುವಾದಾಗ ನಮ್ಮ ಹಳಿ ಮೇಲೆ ಅದಕ್ಕೆ ಸಿಕ್ಕ ಗರಿಷ್ಠ ವೇಗ 110. ಸುಮಾರು 490 ಕಿಲೋಮೀಟರ್‌ಗೆ ಆರೂವರೆ ಗಂಟೆ ಹತ್ತಿರ. ಸರಾಸರಿ 76! ರೇಸ್ ಕುದುರೆ ತಂದು ಜಟಕಾ ದಾರಿಯಲ್ಲಿ ಓಡಿಸಿದ ಹಾಗೆ. ಹಳಿ ಸುಧಾರಿಸದೆ ವೇಗ ಬರಲ್ಲ, ಆದರೆ ದರ ಮಾತ್ರ ಮೊದಲೇ ಬಂದುಬಿಡುತ್ತೆ.

ಜಪಾನ್ ನೋಡಿ. 1964ರಿಂದ ಅಲ್ಲಿ ಶಿಂಕಾನ್‌ಸೆನ್ ಓಡ್ತಿದೆ. ಟೋಕಿಯೋದಿಂದ ಶಿನ್-ಒಸಾಕಾಗೆ ಮೂಲ ಪ್ರಯಾಣ ದರ 8,910 ಯೆನ್. ಹಳೇ ಮಾರ್ಗದ ರೈಲಿನಲ್ಲಿ ಹೋದರೂ ಹೆಚ್ಚುಕಡಿಮೆ ಅಷ್ಟೇ, ಶಿಂಕಾನ್‌ಸೆನ್‌ನಲ್ಲಿ ಹೋದರೂ ಅಷ್ಟೇ. ಶಿಂಕಾನ್‌ಸೆನ್ ಹತ್ತಬೇಕಾದರೆ ಮೇಲೆ ಎಕ್ಸ್‌ಪ್ರೆಸ್ ಶುಲ್ಕ ಕಟ್ಟಬೇಕು. ಕಾಯ್ದಿರಿಸದ ಸೀಟಿಗೆ ಅದು 4,960 ಯೆನ್. ಅಂದರೆ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು. ರೈಲು ಬದಲಿಸುತ್ತಾ ಹೋದರೆ ಒಂಬತ್ತು ಗಂಟೆ ಹಿಡಿಯೋ ದಾರಿ ಎರಡೂವರೆ ಗಂಟೆಯಲ್ಲಿ ಮುಗಿಯುತ್ತೆ. ವೇಗಕ್ಕೆ ಎಷ್ಟು ಕೊಟ್ಟೆ ಅನ್ನೋದು ಪ್ರಯಾಣಿಕನಿಗೆ ಸ್ಪಷ್ಟ.

ನಮ್ಮಲ್ಲೂ ಸೂಪರ್‌ಫಾಸ್ಟ್ ಶುಲ್ಕ ಅಂತ ಒಂದಿದೆ. ಚೇರ್ ಕಾರ್‌ಗೆ ಬರೀ 45 ರೂಪಾಯಿ. ಉಳಿದ ಹೆಚ್ಚಳವೆಲ್ಲ ಮೂಲ ದರದೊಳಗೇ ಸೇರಿಕೊಂಡಿದೆ. ವೇಗಕ್ಕೆಷ್ಟು, ಎಸಿಗೆಷ್ಟು ಅಂತ ಜನಸಾಮಾನ್ಯನಿಗೆ ಗೊತ್ತಾಗೋದೇ ಇಲ್ಲ.

ಇನ್ನೊಂದು ಮಾತು. ವಂದೇ ಭಾರತ್‌ಗೆ ಜನರಲ್ ಬೋಗಿ ಇಲ್ಲ. ಧಾರವಾಡದಿಂದ ಬೆಂಗಳೂರಿಗೆ ಬರೋಕೆ ಆರಂಭದ ದರ 1,330 ರೂಪಾಯಿ. ಆ ಕಡೆ ಅಡುಗೆ-ಊಟದ ಲೆಕ್ಕ ಬೇರೆ, ಹಾಗಾಗಿ ದರವೂ ಬೇರೆ. ಗಾರೆ ಕೆಲಸ ಹುಡುಕಿಕೊಂಡು ಬರೋ ನಾಲ್ಕು ಜನರ ಕುಟುಂಬಕ್ಕೆ ಅದು 5,320 ರೂಪಾಯಿ. ಎಷ್ಟು ದಿನದ ಕೂಲಿ ಅದು?

ವಂದೇ ಭಾರತ್ ಬೇಡ ಅಂತ ನಾನು ಹೇಳ್ತಿಲ್ಲ. ದುಡ್ಡಿದ್ದವರು ಹೋಗಲಿ, ಸಂತೋಷ. ಆದರೆ ಕೊಟ್ಟ ಕಾಸಿಗೆ ತಕ್ಕ ವೇಗ ಕೊಡಿ. ಜನರಲ್ ಬೋಗಿಯಲ್ಲಿ ಬಾಗಿಲಿಗೆ ಜೋತುಬಿದ್ದು ಬರೋನಿಗೂ ಒಂದು ಸೀಟು ಕೊಡಿ. ಹೊಸ ರೈಲು ಎಷ್ಟು ಬಂತು ಅಂತ ಎಣಿಸೋ ಮುಂಚೆ, ಹಳೇ ರೈಲಿಗೆ ಇನ್ನೆರಡು ಬೋಗಿ ಸೇರಿತಾ ಅಂತ ಕೇಳೋಣ.

ಯೋಚನೆ ಮಾಡಿ.