ಗೊತ್ತಿಲ್ಲದ ಮಾತು ಬಂದರೆ



ಅಕ್ಷರ ಕಲಿತೆವು. ಬಸ್ಸಿನ ಬೋರ್ಡು ಓದುತ್ತೇವೆ. ರೇಷನ್ ಕಾರ್ಡು ಓದುತ್ತೇವೆ. ಈಗ ಕಾದಂಬರಿಗೆ ಕೈ ಹಾಕಿದ್ದೇವೆ. ಅಲ್ಲೇ ತೊಡಕು. ಎರಡು ಪುಟ ಓದುವಷ್ಟರಲ್ಲಿ ಗೊತ್ತಿಲ್ಲದ ಮಾತು ಎದುರಾಗುತ್ತದೆ. "ಇದು ನಮ್ಮಂಥೋರಿಗಲ್ಲ ಬಿಡಿ ಟೀಚರೇ" ಅಂತ ಪುಸ್ತಕ ಮುಚ್ಚಿಟ್ಟವರು ನಮ್ಮ ಕೇಂದ್ರದಲ್ಲೇ ಇದ್ದಾರೆ. ಓದು ಬಿಟ್ಟರೆ ಮೊದಲು ಒತ್ತಕ್ಷರ ಮರೆಯುತ್ತದೆ. ಆಮೇಲೆ ಮತ್ತೆ ಹೆಬ್ಬೆಟ್ಟು.

'ಕಳ್ಳ ಕಾಲಿಗೆ ಬುದ್ಧಿ ಹೇಳಿದ' ಅಂತ ಬರೆದಿರುತ್ತದೆ. ಕಾಲಿಗೆ ಯಾರಾದರೂ ಬುದ್ಧಿ ಹೇಳುತ್ತಾರಾ? ಒಂದೊಂದು ಪದವೂ ಗೊತ್ತು. ಕೂಡಿಸಿದರೆ ಗೊತ್ತಿಲ್ಲ. ಆಗ ಹಿಂದಿನ ಸಾಲು, ಮುಂದಿನ ಸಾಲು ನೋಡಬೇಕು. ಹಿಂದೆ, ಮನೆಯವರು ಎದ್ದು ದೀಪ ಹಚ್ಚಿದರು ಎಂದಿದೆ. ಮುಂದೆ, ಅವನು ಊರಾಚೆ ಸಿಕ್ಕಿಬಿದ್ದ ಎಂದಿದೆ. ನಡುವೆ ಏನು ಮಾಡಿರಬೇಕು? ಓಡಿರಬೇಕು. ಅಷ್ಟೇ.

'ಆಸ್ತಿಯ ಆಸೆಗೆ ಎಳ್ಳುನೀರು ಬಿಟ್ಟಳು.' ಎಳ್ಳುನೀರು ಯಾವಾಗ ಬಿಡುತ್ತಾರೆ? ಸತ್ತವರಿಗೆ ತರ್ಪಣ ಕೊಡುವಾಗ. ಅಂದರೆ ಅವಳ ಪಾಲಿಗೆ ಆ ಆಸೆ ಸತ್ತೇಹೋಯಿತು. ಇನ್ನು 'ಕೊಟ್ಟ ಮಾತನ್ನು ಗಾಳಿಗೆ ತೂರಿದ' ಅನ್ನುವುದಕ್ಕೆ ನಾವು ಅರ್ಥ ಹೇಳಬೇಕಾಗಿಲ್ಲ. ಕಣದಲ್ಲಿ ರಾಶಿ ತೂರಿದವರು ನೀವು. ಹೊಟ್ಟು ಎಲ್ಲಿಗೆ ಹೋಗುತ್ತದೆ ಅಂತ ಬರೆದವರಿಗಿಂತ ನಿಮಗೇ ಚೆನ್ನಾಗಿ ಗೊತ್ತು.

ಆದರೆ ಗೊತ್ತಿರುವ ಹಾಗೆ ಕಾಣುವ ಮಾತೇ ಹೆಚ್ಚು ಮೋಸ ಮಾಡುತ್ತದೆ. ಶಿವರಾಮ ಕಾರಂತರು 1933ರಲ್ಲಿ 'ಚೋಮನ ದುಡಿ' ಎಂಬ ಕಾದಂಬರಿ ಬರೆದರು. ದುಡಿ ಅಂದರೇನು ಎಂದು ಕೇಳಿದರೆ, ನಮ್ಮಲ್ಲಿ ಹೆಚ್ಚಿನವರು ದುಡಿಮೆ ಎನ್ನುತ್ತಾರೆ. ಹಾಗನ್ನಿಸುವುದು ಸಹಜ. ಚೋಮ ಇನ್ನೊಬ್ಬರಿಗಾಗಿ ದುಡಿಯುವವನೇ. ತನಗೂ ಒಂದು ತುಂಡು ಬೇಸಾಯದ ಭೂಮಿ ಬೇಕೆಂಬ ಆಸೆ ಅವನಿಗೆ. ಅಸ್ಪೃಶ್ಯನೆಂದು ಅದು ಸಿಗುವುದಿಲ್ಲ. ಓದುತ್ತ ಹೋದರೆ, ಅವನು ದುಡಿಯನ್ನು ಬಾರಿಸುತ್ತಾನೆ! ದುಡಿಮೆಯನ್ನು ಬಾರಿಸಲಿಕ್ಕೆ ಬರುತ್ತದೆಯೇ? ಅದು ಚರ್ಮ ಬಿಗಿದ ವಾದ್ಯ. ಸಂತೋಷಕ್ಕೂ ಅದೇ, ಸಂಕಟಕ್ಕೂ ಅದೇ. ಬಾಯಿಬಿಟ್ಟು ಹೇಳಲಾಗದ್ದನ್ನು ಚೋಮ ದುಡಿಯಲ್ಲಿ ಹೇಳುತ್ತಾನೆ. ಇದು ತಿಳಿಯದಿದ್ದರೆ ಕಥೆಯ ಜೀವವೇ ಕೈತಪ್ಪಿತು.

ಕೆಲವು ಮಾತು ಊಹೆಗೆ ಸಿಗುವುದಿಲ್ಲ. ಮಲೆನಾಡಿನ ಕಥೆಯಲ್ಲಿ 'ಗೊರಬು' ಎಂದು ಬಂದರೆ ಬಯಲುಸೀಮೆಯವರು ಏನು ಮಾಡಬೇಕು? ಆ ಕಡೆಯಿಂದ ಸೊಸೆಯಾಗಿ ಬಂದವರನ್ನು ಕೇಳಬೇಕು. ಮಳೆಯಲ್ಲಿ ಸಸಿ ನೆಡುವಾಗ ತಲೆಗೂ ಬೆನ್ನಿಗೂ ಹಾಕಿಕೊಳ್ಳುವ ಎಲೆಯ ಹೊದಿಕೆ ಅಂತ ಅವರು ತೋರಿಸಿಯೇ ಹೇಳುತ್ತಾರೆ. ಕೇಳಲಿಕ್ಕೆ ನಾಚಿಕೆ ಯಾಕೆ? ಪ್ರಜಾವಾಣಿ ಪತ್ರಿಕೆಯಲ್ಲಿ ಜಿ. ವೆಂಕಟಸುಬ್ಬಯ್ಯನವರು 'ಇಗೋ ಕನ್ನಡ' ಎಂಬ ಅಂಕಣ ಬರೆಯುತ್ತಿದ್ದರು. ಪದಗಳ ಅರ್ಥ ಕೇಳಿ ಅವರಿಗೆ ಕಾಗದ ಬರೆದವರೆಲ್ಲ ಓದು ಬಲ್ಲವರೇ.

ಹಾಗಂತ ಪ್ರತಿ ಪದಕ್ಕೂ ನಿಲ್ಲಬೇಡಿ. ಕಥೆ ಸಾಗುತ್ತಿದ್ದರೆ ದಾಟಿಬಿಡಿ. ದಾಟಲಾಗದ ಮಾತನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದು, ಪುಟದ ಸಂಖ್ಯೆ ಹಾಕಿ ಶುಕ್ರವಾರ ತನ್ನಿ. ಎಲ್ಲರೂ ಕೂತು ಬಿಡಿಸೋಣ. 'ಚೋಮನ ದುಡಿ' ಕೇಂದ್ರದ ಪೆಟ್ಟಿಗೆಯಲ್ಲಿದೆ. ಕೊನೆಯ ಪುಟದಲ್ಲಿ ಏನಾಗುತ್ತದೆ ಅಂತ ನಾವು ಹೇಳುವುದಿಲ್ಲ. ಮೊದಲು ಯಾರು ಒಯ್ಯುತ್ತೀರಿ, ಹೆಸರು ಬರೆಸಿ.