ಜರೀಗಿಡ, ಸೀತಾಳೆ ಮತ್ತು ನಮ್ಮ ಮಳೆಯ ಲೆಕ್ಕ

(ಮಾಟುಂಗದಲ್ಲಿ ಸಂಘದ ರಾಜ್ಯೋತ್ಸವದ ಅಂಗವಾಗಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ಬ್ಯಾಂಕಿನ ಗುಮಾಸ್ತರಾದ ನಾವು ಗಿಡಗಳ ವಿಷಯ ಮಾತನಾಡಲು ನಿಂತುದು ತಮಗೆ ವಿಚಿತ್ರವಾಗಿ ಕಾಣಬಹುದು. ನಾವು ಓದಿದ್ದು ಬಿ.ಕಾಂ., ಸಸ್ಯಶಾಸ್ತ್ರವಲ್ಲ. ಆದರೆ ಈ ವಿಷಯದೊಳಗೆ ಒಂದು ಜಮಾಖರ್ಚಿನ ಪ್ರಶ್ನೆ ಅಡಗಿದೆ. ಅಷ್ಟನ್ನೇ ತಮ್ಮ ಮುಂದಿಡುತ್ತೇವೆ.

ಮಡಿಕೇರಿ, ಮಹಾಬಳೇಶ್ವರ ಎರಡೂ ಒಂದೇ ಸಹ್ಯಾದ್ರಿಯ ಮೇಲಿನ ಊರುಗಳು. ಒಂದರ ಎತ್ತರ ಸಮುದ್ರಮಟ್ಟದಿಂದ 1,100 ಮೀಟರಿಗೆ ತುಸು ಹೆಚ್ಚು, ಇನ್ನೊಂದರದು 1,300ಕ್ಕೆ ತುಸು ಹೆಚ್ಚು. ಮಡಿಕೇರಿಗೆ ವರ್ಷಕ್ಕೆ 3,000 ಮಿಲಿಮೀಟರಿಗೆ ಮಿಕ್ಕಿ ಮಳೆಯಾದರೆ ಮಹಾಬಳೇಶ್ವರಕ್ಕೆ 5,000ಕ್ಕೂ ಮಿಕ್ಕಿ ಬೀಳುತ್ತದೆ. ಜರೀಗಿಡಗಳಿಗೂ ಮರದ ಮೇಲೆ ಬೆಳೆಯುವ ಸೀತಾಳೆಗಳಿಗೂ ನೀರೇ ಪ್ರಾಣವೆಂದು ಎಲ್ಲರೂ ಬಲ್ಲರು. ಹಾಗಾದರೆ ಅವುಗಳ ಬಗೆಗಳು ಮಹಾಬಳೇಶ್ವರದಲ್ಲಿಯೇ ಹೆಚ್ಚಿರಬೇಕಷ್ಟೆ? ಇಲ್ಲ. ಸಹ್ಯಾದ್ರಿಯಲ್ಲಿ ದಕ್ಷಿಣದಿಂದ ಉತ್ತರಕ್ಕೆ ಬಂದಂತೆಲ್ಲ ಅವು ವಿರಳವಾಗುತ್ತವೆ.

ಉತ್ತರಕ್ಕೆ ಹೋಗುವ ಮುನ್ನ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಮರದ ಮೇಲೆ ಬೆಳೆದುದೆಲ್ಲ ಬಂದಳಿಕೆಯಲ್ಲ. ಬಂದಳಿಕೆ ಮರದೊಳಗೆ ಬೇರಿಳಿಸಿ ಅದರ ರಸ ಹೀರುತ್ತದೆ. ಸೀತಾಳೆಯಂಥ ಅಪ್ಪುಗಿಡ ಮರದಿಂದ ಬೇಡುವುದು ಕೂರಲು ಸ್ಥಳವನ್ನು ಮಾತ್ರ. ನೀರನ್ನು ಮಳೆ ಮಂಜುಗಳಿಂದಲೂ, ಸಾರವನ್ನು ಕೊಳೆತ ಎಲೆ, ಧೂಳುಗಳಿಂದಲೂ ತಾನೇ ದುಡಿದುಕೊಳ್ಳುತ್ತದೆ. (ಪರವೂರಿಗೆ ಬಂದು ದುಡಿದು ಬದುಕುವ ನಮಗೆ ಈ ಭೇದವನ್ನು ಹೆಚ್ಚು ವಿವರಿಸಬೇಕಾಗಿಲ್ಲ.) ಜಗತ್ತಿನ ಗಿಡಮರಗಳ ಜಾತಿಗಳಲ್ಲಿ ಹತ್ತಕ್ಕೆ ಒಂದರಷ್ಟು ಇಂಥವು.

ಈಗ ಲೆಕ್ಕಕ್ಕೆ ಬರೋಣ. ನೆಲದ ಮರಕ್ಕೆ ಮಣ್ಣೇ ಉಳಿತಾಯ ಖಾತೆ. ಮಳೆಗಾಲದಲ್ಲಿ ಜಮೆಯಾದ ನೀರನ್ನು ಬೇಸಿಗೆಯಲ್ಲಿ ಬೇರು ಕಳುಹಿಸಿ ತೆಗೆದುಕೊಳ್ಳುತ್ತದೆ. ಕೊಂಬೆಯ ಮೇಲೆ ಕುಳಿತ ಗಿಡಕ್ಕೆ ಆ ಖಾತೆಯಿಲ್ಲ. ಸುರಿದ ಮಳೆ ಗಳಿಗೆಯಲ್ಲಿ ಹರಿದುಹೋಗುತ್ತದೆ. ಒಬ್ಬ ಗೃಹಸ್ಥನಿಗೆ ವರ್ಷದ ಸಂಬಳವೆಲ್ಲ ಜೂನಿನಿಂದ ಸೆಪ್ಟೆಂಬರಿನೊಳಗೆ ಬರುತ್ತದೆ, ಕೂಡಿಡುವ ಪೆಟ್ಟಿಗೆಯಿಲ್ಲ. ಇನ್ನೊಬ್ಬನಿಗೆ ಮೊತ್ತ ಕಡಮೆ, ಆದರೆ ಎಂಟು ತಿಂಗಳು ತಪ್ಪದೆ ಕೈಸೇರುತ್ತದೆ. ಯಾರ ಮನೆಯಲ್ಲಿ ಒಲೆ ಉರಿದೀತೆಂದು ತಾವೇ ಹೇಳಬಹುದು. ವಾರ್ಷಿಕ ಮೊತ್ತ ನೋಡಿ ಮಾರುಹೋಗುವವರು ನಮ್ಮ ವೃತ್ತಿಯಲ್ಲಿಯೂ ಇದ್ದಾರೆ!

ಮಡಿಕೇರಿಗೆ ಮಾರ್ಚಿ-ಏಪ್ರಿಲಿನಲ್ಲಿ ಕಾಫಿ ಅರಳಿಸುವ ಹೂಮಳೆ; ಬಳಿಕ ಮುಂಗಾರು; ಅದು ಹಿಂದೆಗೆದ ಮೇಲೂ ಅಕ್ಟೋಬರ-ನವೆಂಬರಿನ ಮಳೆ. ಮುಂಗಾರು ಸಾಮಾನ್ಯವಾಗಿ ಕೇರಳಕ್ಕೆ ಜೂನ್ 1ಕ್ಕೆ, ಮುಂಬಯಿಗೆ 11ಕ್ಕೆ ಬರುತ್ತದೆ; ಬರುವಾಗ ದಕ್ಷಿಣಕ್ಕೆ ಮೊದಲು, ಹೋಗುವಾಗ ಉತ್ತರದಿಂದ ಮೊದಲು. ಆ ಹತ್ತು ದಿನಗಳ ಅಂತರ ದೊಡ್ಡದಲ್ಲ. ದೊಡ್ಡದೆಂದರೆ ಹಿಂದುಮುಂದಿನ ಬಿಡಿ ಮಳೆಗಳು. ಉತ್ತರಕ್ಕೆ ಅವು ಸಿಕ್ಕುವುದು ತೀರ ಅಲ್ಪ. ಹೀಗೆ 12 ಡಿಗ್ರಿ ಅಕ್ಷಾಂಶದಿಂದ 19ಕ್ಕೆ ಬರುವಷ್ಟರಲ್ಲಿ ಒಣ ತಿಂಗಳುಗಳು ಬೆಳೆದು ಏಳೆಂಟಾಗುತ್ತವೆ.

ಜರೀಗಿಡಕ್ಕೆ ಇನ್ನೂ ಒಂದು ತೊಡಕಿದೆ. ಅದಕ್ಕೆ ಹೂವಿಲ್ಲ, ಬೀಜವಿಲ್ಲ. ಎಲೆಯ ಬೆನ್ನಿನಿಂದ ಉದುರುವ ಬೀಜಕವೆಂಬ ಹುಡಿ ಗಾಳಿಯಲ್ಲಿ ನೂರಾರು ಮೈಲಿ ಹಾರಬಲ್ಲುದು. ಬಿದ್ದಲ್ಲಿ ಮೊದಲು ಉಗುರಿಗಿಂತ ಚಿಕ್ಕ ಹಸುರು ಹಾಳೆಯೊಂದು ಮೂಡುತ್ತದೆ. ಅದರ ಗಂಡುಕಣ ಹೆಣ್ಣುಕಣದ ಬಳಿಗೆ ಈಜಿಯೇ ಹೋಗಬೇಕು. ಅದಕ್ಕೆ ನೀರಿನ ತೆಳುಪೊರೆಯಾದರೂ ಬೇಕು. ಆಗುಂಬೆಯ ಹುಡಿ ಮಾಟುಂಗಕ್ಕೆ ಬಂದು ಬೀಳುವುದು ಅಸಾಧ್ಯವಲ್ಲ. ಬಿದ್ದ ಮೇಲೆ ನೆಲೆ ನಿಲ್ಲುವುದೇ ಕಷ್ಟ.

ಭೂಮಧ್ಯರೇಖೆಯಿಂದ ದೂರ ಸರಿದಂತೆ ಜಾತಿಗಳು ಕಡಮೆಯಾಗುವುದು ಲೋಕದ ಸಾಮಾನ್ಯ ನಿಯಮ. ಮಧ್ಯ ಅಮೆರಿಕದ ಪುಟ್ಟ ಕೋಸ್ಟರಿಕಾದಲ್ಲಿ ಸುಮಾರು ಸಾವಿರ ಬಗೆಯ ಜರೀಗಿಡಗಳಿದ್ದರೆ ಇಡೀ ಯೂರೋಪು ಖಂಡದಲ್ಲಿ 200 ದಾಟುವುದಿಲ್ಲ. ಆದರೆ ಅಕ್ಷಾಂಶವನ್ನೇ ಕಾರಣವೆಂದು ಹಿಡಿಯಬಾರದು. ಅದು ವಿಳಾಸ ಮಾತ್ರ. ನ್ಯೂಜಿಲೆಂಡ್ ಭೂಮಧ್ಯರೇಖೆಯಿಂದ ಬಹು ದೂರ. ಆದರೂ ಅಲ್ಲಿಯ ಸ್ವಂತ ಜರೀಗಿಡಗಳೇ ಸುಮಾರು 200 ಬಗೆ. ಸುತ್ತಲೂ ಕಡಲು, ವರ್ಷವಿಡೀ ಹಂಚಿ ಬೀಳುವ ಮಳೆ, ಕಾಡಿನೊಳಗೆ ಕಡುಹಿಮವಿಲ್ಲ. ಅವರ ಕ್ರಿಕೆಟ್ ಆಟಗಾರರ ಎದೆಯ ಮೇಲಿರುವುದು ಜರೀಗಿಡದ ಬೆಳ್ಳಿ ಎಲೆಯೇ. ನಮ್ಮ ಮಲೆನಾಡಿನ ಮಕ್ಕಳು ಮುಂಗೈಮೇಲೆ ಒತ್ತಿ ಬಿಳಿ ಅಚ್ಚು ಮೂಡಿಸುವ ಜರೀಗಿಡ ಬೇರೆ. ಅವರದು ಮರದಷ್ಟೆತ್ತರ ಬೆಳೆಯುವ ಜಾತಿ.

ನಮ್ಮ ಮಾತಿಗೆ ಸಾಕ್ಷಿ ಬೇಕಾದರೆ ದೂರ ಹೋಗಬೇಕಿಲ್ಲ. ಮಾಟುಂಗದ ಹಳೆಯ ಕಟ್ಟಡಗಳ ಹಿಂಬದಿಗೆ ಹೋಗಿ ನೀರಿನ ಕೊಳವೆ ಸೋರುವಲ್ಲಿ ನೋಡಿರಿ. ಗೋಡೆಯ ಸುಣ್ಣದಲ್ಲಿ ಬೇರೂರಿ ಬಾಚಣಿಗೆಯಂಥ ಎಲೆ ಚಾಚಿರುವ ಜರೀಗಿಡ ಕಂಡೀತು. ಟೆರಿಸ್ ವಿಟಾಟಾ ಎಂದು ಅದರ ಶಾಸ್ತ್ರೀಯ ನಾಮ. ಅದೇ ಗೋಡೆಯ ಒಣ ಭಾಗದಲ್ಲಿ ಮಳೆಗಾಲದಲ್ಲಿ ಮೊಳೆತುದು ದೀಪಾವಳಿಯ ಹೊತ್ತಿಗೆ ಸುಕ್ಕುಗಟ್ಟುತ್ತದೆ. ಸೋರುವ ಕೊಳವೆ ಅದಕ್ಕೆ ಹನ್ನೆರಡು ತಿಂಗಳ ಮಳೆ. ಕೊಳವೆ ರಿಪೇರಿಯಾದರೆ ಅದರ ಸಂಸಾರ ಮುಗಿಯಿತು. ಸೊಸೈಟಿಯ ಕಾರ್ಯದರ್ಶಿಗಳು ನಮ್ಮ ಮೇಲೆ ಕೋಪಿಸಿಕೊಳ್ಳಬಾರದು.

ಒಣ ತಿಂಗಳುಗಳನ್ನು ಗೆದ್ದವೂ ಉಂಟು. ಕೊಂಕಣದ ಹಳೆಯ ಮಾವಿನ ಮರಗಳ ಮೇಲೆ, ಬೋರಿವಲಿಯ ಕಾಡಿನಲ್ಲಿ ಡ್ರೈನೇರಿಯಾ ಎಂಬ ಜರೀಗಿಡವಿದೆ. ಅದಕ್ಕೆ ಎರಡು ತರದ ಎಲೆ. ಕಂದು ಬಣ್ಣದ ಗಿಡ್ಡ ಎಲೆಗಳು ಬುಟ್ಟಿಯಂತೆ ನಿಂತು ಕಸಕಡ್ಡಿ ಹಿಡಿದು ಗೊಬ್ಬರವಾಗಿಸಿ ತೇವ ಕಾಯುತ್ತವೆ. ಹಸುರು ಎಲೆಗಳು ಬೇಸಿಗೆಗೆ ಉದುರಿ ಕಡ್ಡಿ ಉಳಿಯುತ್ತದೆ. ಮಣ್ಣಿಲ್ಲದ ಕಡೆ ತಾನೇ ಉಳಿತಾಯ ಖಾತೆ ತೆರೆದ ಜಾಣಗಿಡವಿದು. ಇಂಥವುಗಳನ್ನು ಈ ಊರಿನವರು ಕಡೆಗಣಿಸಿದ್ದರೆಂದಲ್ಲ. ಸೇಂಟ್ ಝೇವಿಯರ್ಸ್ ಕಾಲೇಜಿನ ಪಾದ್ರಿ ಬ್ಲಾಟರ್ ಮತ್ತು ಡಿ'ಆಲ್ಮೇಡಾ 1922ರಲ್ಲಿಯೇ ಬೊಂಬಾಯಿಯ ಜರೀಗಿಡಗಳ ಮೇಲೆ ಗ್ರಂಥ ರಚಿಸಿದರು. ಆಗ ಕಾರವಾರ, ಧಾರವಾಡ, ಬೆಳಗಾವಿಗಳೂ ಬೊಂಬಾಯಿ ಪ್ರಾಂತದೊಳಗೇ ಇದ್ದವು.

ಊರಿನಿಂದ ಬರುವಾಗ ಕಾಡಿನ ಸೀತಾಳೆ ಕಿತ್ತು ತಂದು ಕಿಟಕಿಗೆ ಕಟ್ಟುವ ಅಭ್ಯಾಸ ನಮ್ಮ ಅನೇಕ ಮನೆಗಳಲ್ಲಿದೆ. ತವರಿನ ನೆನಪು; ಅದನ್ನು ಹಳಿಯುವಂತಿಲ್ಲ. ಆದರೆ ಮಲೆನಾಡಿನ ಮಂಜಿಗೆ ಹೊಂದಿದ ಗಿಡ ನಮ್ಮ ಏಳೆಂಟು ಒಣ ತಿಂಗಳನ್ನು ದಾಟುವುದು ಅಪರೂಪ. ಸೀತಾಳೆಯ ಬೀಜದಲ್ಲಿ ಬುತ್ತಿಯಿಲ್ಲ. ತಕ್ಕ ಶಿಲೀಂಧ್ರದ ಆಸರೆ ದೊರೆತರೇ ಮೊಳೆಯುತ್ತದೆ, ಹೂ ಬಿಡಲು ವರ್ಷಗಳೇ ಬೇಕು. ಕಾಡಿನಲ್ಲಿ ಅದರ ಜಾಗ ಬೇಗ ತುಂಬುವುದಿಲ್ಲ. ನರ್ಸರಿಯಲ್ಲಿ ಬೆಳೆಸಿದ್ದನ್ನು ಕೊಳ್ಳಿರಿ.

ಕಡೆಯದಾಗಿ ಮರದ ಲೆಕ್ಕ. 2019ರ ಅಕ್ಟೋಬರದಲ್ಲಿ ಆರೆಯಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಮರಗಳು ಮೆಟ್ರೋ ಡಿಪೋಗಾಗಿ ಉರುಳಿದವು. ಮೆಟ್ರೋ ಬೇಡವೆಂದು ನಾವು ಹೇಳುತ್ತಿಲ್ಲ. ಲೋಕಲ್ ಗಾಡಿಯಲ್ಲಿ ನೇತಾಡುವವರು ಹಾಗೆ ಹೇಳಲಾರರು. ನಮ್ಮ ತಕರಾರು ಲೆಕ್ಕದ್ದು. ಮಹಾರಾಷ್ಟ್ರದ 1975ರ ಮರಗಳ ಕಾಯಿದೆಗೆ 2021ರಲ್ಲಿ ತಿದ್ದುಪಡಿಯಾಗಿ, ಕಡಿದ ಮರದ ವಯಸ್ಸೆಷ್ಟೋ ಅಷ್ಟು ಸಸಿ ನೆಡಬೇಕೆಂದಾಯಿತು. ಸದುದ್ದೇಶವೇ. ಆದರೆ ಒಂದು ವರ್ಷದ ಅರುವತ್ತು ಸಸಿಗಳನ್ನು ಕೂಡಿಸಿದರೆ ಅರುವತ್ತು ವರ್ಷದ ಮರವಾಗುವುದಿಲ್ಲ. ಸಸಿಯ ನುಣುಪು ತೊಗಟೆಯಲ್ಲಿ ತೇವ ನಿಲ್ಲದು. ಬಿರುಕು, ಪೊಟರೆ, ಅಡ್ಡಕೊಂಬೆಗಳು ಮೂಡಲು ದಶಕಗಳು ಬೇಕು. ಒಣ ತಿಂಗಳು ಹೆಚ್ಚಿದ ಊರಿನಲ್ಲಿ ಅಪ್ಪುಗಿಡಕ್ಕೆ ಆ ಬಿರುಕೇ ಗತಿ. ಹಳೆಯ ಮರದ ಜತೆಗೆ ಬಿದ್ದ ಡ್ರೈನೇರಿಯಾ ಯಾವ ಪುಸ್ತಕದಲ್ಲಿಯೂ ಖರ್ಚು ಬೀಳುವುದಿಲ್ಲ.

ಮರ ಕಡಿಯುವ ಮುನ್ನ ಕಾಂಡಕ್ಕೆ ನೋಟೀಸು ಅಂಟಿಸಿ ನಾಗರಿಕರ ಆಕ್ಷೇಪಣೆ ಕೇಳುವ ಪದ್ಧತಿಯಿದೆ. ತಮ್ಮ ಬೀದಿಯಲ್ಲಿ ಅಂಥ ಚೀಟಿ ಕಂಡರೆ ಕತ್ತೆತ್ತಿ ಮೇಲೇನಿದೆಯೆಂದು ನೋಡಿ, ಕಂಡುದನ್ನು ಅರ್ಜಿಯಲ್ಲಿ ಸೇರಿಸಿರಿ. ಮರಾಠಿಯಲ್ಲಿ ಬರೆಯಲು ನೆರವು ಬೇಕಾದವರಿಗೆ ನಾವು ಭಾನುವಾರ ಬೆಳಿಗ್ಗೆ ಸಂಘದ ವಾಚನಾಲಯದಲ್ಲಿ ಸಿಗುತ್ತೇವೆ.